ಆಟ ಮುಗೀತು, ಊಟಕ್ಕೆ ಏಳಿ

ನಮ್ಮ ಮನೆಯಲ್ಲಿ ಹೊರಗಿನವರ ಜೊತೆ ಆಡಬೇಕಾದ ಯಾವ ಮಾತನ್ನೂ ಮೊದಲು ಊಟದ ಮೇಜಿನ ಮುಂದೆ ಆಡಿ ನೋಡದೆ ಆಡುತ್ತಿರಲಿಲ್ಲ. ಅಡುಗೆಮನೆಯ ನಲ್ಲಿ ಸೋರುತ್ತಿದೆ ಎಂದು ಅಪಾರ್ಟ್‌ಮೆಂಟಿನ ಆಫೀಸಿಗೆ ಹೇಳಬೇಕೇ, ನನ್ನ ಟೀಚರನ್ನು ಕಾಣಬೇಕೇ, ಕೆಟ್ಟುಹೋದ ಮಿಕ್ಸರನ್ನು ಅಂಗಡಿಗೆ ಹಿಂದಿರುಗಿಸಬೇಕೇ, ಮೊದಲು ಮನೆಯಲ್ಲಿ ಪ್ರಾಕ್ಟೀಸ್ ಆಗಬೇಕು. ಒಬ್ಬರು ನಾವಾಗುತ್ತಿದ್ದರು, ಇನ್ನೊಬ್ಬರು ಅಮೆರಿಕದವರಾಗುತ್ತಿದ್ದರು. ಅಮೆರಿಕದವರು ಕೇಳಬಹುದಾದ ಪ್ರಶ್ನೆಗಳನ್ನೆಲ್ಲ ಕೇಳಿ, ಕೊಡಬಹುದಾದ ತೊಂದರೆಗಳನ್ನೆಲ್ಲ ಕೊಟ್ಟು, ಎಲ್ಲಕ್ಕೂ ಉತ್ತರ ಸಿದ್ಧವಾದ ಮೇಲೆ ಅಪ್ಪ ಫೋನಿನ ಹತ್ತಿರ ಹೋಗುತ್ತಿದ್ದರು. ಅಷ್ಟರಲ್ಲಿ ಆಫೀಸಿನವರು ಬಾಗಿಲು ಹಾಕಿಕೊಂಡು ಹೋಗಿರುತ್ತಿದ್ದರು. ನಲ್ಲಿ ಮಾರನೆಯ ದಿನವೂ ಸೋರುತ್ತಿತ್ತು.

ಇವತ್ತು ನನ್ನನ್ನು ಅಂಗಡಿಯಲ್ಲೋ ಏರ್‌ಪೋರ್ಟಿನಲ್ಲೋ ಕಂಡವರಿಗೆ ಮುಖ ನೆನಪಾಗುತ್ತದೆ, ಹೆಸರು ನೆನಪಾಗುವುದಿಲ್ಲ. ‘ಆ ಜಡ್ಜ್ ನೀವೇ ಅಲ್ಲವೇ?’ ಎನ್ನುತ್ತಾರೆ. ಜಡ್ಜ್ ಆಗಿದ್ದೇನೆ, ಬ್ಯಾಂಕಿನ ಅಧಿಕಾರಿ ಆಗಿದ್ದೇನೆ, ಕೆಟ್ಟ ಸುದ್ದಿ ಹೇಳುವ ಡಾಕ್ಟರ್ ಆಗಿದ್ದೇನೆ. ನಾಟಕದವರು ನನ್ನನ್ನು ರಾಣಿ ಮಾಡಿದ್ದಾರೆ, ಹುಚ್ಚಿ ಮಾಡಿದ್ದಾರೆ, ಒಮ್ಮೆ ಮರವನ್ನೂ ಮಾಡಿದ್ದಾರೆ. ಟಿವಿಯವರಿಗೆ ಮಾತ್ರ ಮೇಜಿನ ಆ ಕಡೆ ಕುಳಿತು ‘ಸಾರಿ, ಆಗುವುದಿಲ್ಲ’ ಎನ್ನುವ ಹೆಂಗಸು ಬೇಕಾದಾಗಲೆಲ್ಲ ನಾನೇ ನೆನಪಾಗುತ್ತೇನೆ. ಹ್ಯೂಸ್ಟನ್ನಿನ ಒಂದು ಸಣ್ಣ ರಂಗಮಂದಿರದಲ್ಲಿ ತಾಲೀಮು ನಡೆದಾಗ ನಿರ್ದೇಶಕಿ ಕೇಳಿದ್ದಳು, ‘ನೀನು ಎದುರಿಗಿದ್ದವರನ್ನು ಮನೆಗೆ ಕಳಿಸುವಾಗಲೂ ಅವರಿಗೆ ಹೊಟ್ಟೆ ಹಸಿದಿದೆಯೇನೋ ಎಂದು ನೋಡುವವಳ ಹಾಗೆ ಕಾಣುತ್ತೀ. ಅದನ್ನು ಎಲ್ಲಿ ಕಲಿತೆ?’ ನಾನು ನಕ್ಕೆ. ನಮ್ಮ ಊಟದ ಮೇಜಿನ ಕಥೆಯನ್ನು ಇಂಗ್ಲಿಷಿನಲ್ಲಿ ಹೇಳಲು ಹೊರಟರೆ ಪ್ರತಿ ಮಾತಿಗೂ ವಿವರಣೆ ಕೊಡಬೇಕಾಗುತ್ತದೆ. ಕನ್ನಡದಲ್ಲಿ ಹೇಳೋಣವೆಂದರೆ ನನಗೆ ಮಾತು ಬರುತ್ತಿತ್ತು, ಬರೆಯಲು ಬರುತ್ತಿರಲಿಲ್ಲ. ನಡುವಯಸ್ಸು ದಾಟಿದ ಮೇಲೆ ಅಮ್ಮನ ಮುಂದೆ ಕೂತು ಅಕ್ಷರ ತಿದ್ದಿದೆ. ಇಲ್ಲಿ ತಪ್ಪುಗಳೇನಾದರೂ ಕಂಡರೆ ಅವಳನ್ನೇ ಕೇಳಬೇಕು.

ಆಗ ನಾವಿದ್ದದ್ದು ಡಲ್ಲಾಸಿನ ಪಕ್ಕದ ಕ್ಯಾರಲ್ಟನ್ನಿನಲ್ಲಿ, ಮಹಡಿಯ ಮೇಲಿನ ಒಂದು ಅಪಾರ್ಟ್‌ಮೆಂಟು. ಮಲಗುವ ಕೋಣೆ ಎರಡು, ಅದರಲ್ಲಿ ಒಂದು ಹೆಸರಿಗೆ ನನ್ನದು. ಅರ್ಧ ಜಾಗ ಅಮ್ಮನ ಸೂಟ್‌ಕೇಸುಗಳಿಗೆ ಮೀಸಲು. ಸೂಟ್‌ಕೇಸಿನೊಳಗೆ ಜೋಳದ ಹಿಟ್ಟು, ಹುಣಿಸೆಹಣ್ಣು, ಮೈಸೂರಿನಿಂದ ಬಂದ ಸಾರಿನ ಪುಡಿ. ನಾನು ಬಹಳ ವರ್ಷ ಇಂಗಿನ ವಾಸನೆಯಲ್ಲೇ ನಿದ್ದೆ ಮಾಡಿದವಳು. ಈಗ ಕ್ಯಾರಲ್ಟನ್ನಿಗೆ ಹೋದರೆ ಜೋಳದ ಹಿಟ್ಟನ್ನು ಸಾಲಾಗಿ ಜೋಡಿಸಿಟ್ಟ ಅಂಗಡಿಗಳಿವೆ, ನೋಡಿದಾಗ ನನಗೆ ಸ್ವಲ್ಪ ಹೊಟ್ಟೆಕಿಚ್ಚು ಆಗುತ್ತದೆ. ಆಗ ಅಮ್ಮ ಹಿಟ್ಟನ್ನು ಹಬ್ಬಕ್ಕೂ ಅಪ್ಪನ ಕೋಪಕ್ಕೂ ಎಂದು ಎತ್ತಿಡುತ್ತಿದ್ದಳು. ಅಪ್ಪ ಧಾರವಾಡದವರು, ರೊಟ್ಟಿಯಿಲ್ಲದಿದ್ದರೆ ಉಂಡ ಹಾಗಾಗುವುದಿಲ್ಲ. ಅಮ್ಮ ಮೈಸೂರಿನವಳು, ರೊಟ್ಟಿ ಬಡಿಯುವುದನ್ನು ಮದುವೆಯಾದ ಮೇಲೆ ಕಲಿತವಳು, ಅದನ್ನು ಜ್ಞಾಪಿಸುವುದನ್ನು ಬಿಟ್ಟವಳಲ್ಲ. ರೊಟ್ಟಿ ಹಂಚಿನ ಮೇಲೆ ಬಿದ್ದ ಕೂಡಲೇ ಸೂರಿನಲ್ಲಿದ್ದ ಹೊಗೆಯ ಅಲಾರಮ್ ಕೂಗಿಕೊಳ್ಳುತ್ತಿತ್ತು. ಅಪ್ಪ ಕುರ್ಚಿ ಹತ್ತಿ ಟವೆಲ್ಲಿನಿಂದ ಅದಕ್ಕೆ ಗಾಳಿ ಬೀಸುತ್ತ ನಿಲ್ಲುತ್ತಿದ್ದರು. ಅಪ್ಪನನ್ನು ಎತ್ತರದಲ್ಲಿ ನಿಂತು ಕೈ ಬೀಸುವವರಾಗಿ ನಾನು ಕಂಡದ್ದು ಆ ಹೊತ್ತಿನಲ್ಲಿ ಮಾತ್ರ. ಉಳಿದ ಹೊತ್ತಿನಲ್ಲಿ ಅವರು ಇದ್ದ ಜಾಗದಲ್ಲಿ ಇನ್ನೂ ಸ್ವಲ್ಪ ಕಡಿಮೆ ಜಾಗ ಹಿಡಿಯಲು ಪ್ರಯತ್ನಿಸುವ ಮನುಷ್ಯ.

ಅಪ್ಪ ಪಂಪುಗಳ ನಕ್ಷೆ ಮಾಡುವ ಎಂಜಿನಿಯರು. ಕೆಲಸ ಬಲ್ಲವರು, ಮಾತು ಬಲ್ಲವರಲ್ಲ. ಇಂಗ್ಲಿಷಿನಲ್ಲಿ ಬರೆಯುವುದೆಂದರೆ ನೀರು ಕುಡಿದಷ್ಟು ಸುಲಭ, ಆಡುವುದೆಂದರೆ ಎದೆ ಹೊಡೆದುಕೊಳ್ಳುತ್ತಿತ್ತು. ಪ್ರಾಕ್ಟೀಸಿನ ಉಪಾಯ ಅಮ್ಮನದು. ಮೊದಮೊದಲು ಅಮೆರಿಕದವರ ಪಾತ್ರವೆಲ್ಲ ಅವಳದೇ. ಸೀರೆಯ ಮೇಲೆ ಅಪ್ಪನ ಕೋಟು ಹಾಕಿಕೊಂಡು, ಕಾಲ ಮೇಲೆ ಕಾಲು ಹಾಕಿಕೊಂಡು, ಗಂಟಲಿನಿಂದ ಮಾತು ಹೊರಡಿಸುತ್ತಿದ್ದಳು. ಅವಳ ಅಮೆರಿಕದವರೆಲ್ಲ ಮೈಸೂರಿನ ಕಾಲೇಜಿನ ಪ್ರಿನ್ಸಿಪಾಲರ ಹಾಗಿದ್ದರು ಎನ್ನುವುದು ಬೇರೆ ಮಾತು. ಒಮ್ಮೆ ಅಪ್ಪ ಅಪಾರ್ಟ್‌ಮೆಂಟಿನ ಮ್ಯಾನೇಜರ್ ಆದರು, ಅಮ್ಮ ಅಮ್ಮನಾಗಿಯೇ ಇದ್ದಳು. ಮ್ಯಾನೇಜರ್ ಏನಾದರೂ ಅಂದಾನು, ಅದಕ್ಕೂ ತಯಾರಾಗಿರಲಿ ಎಂದು ಅಪ್ಪ ಬಹಳ ಶ್ರದ್ಧೆಯಿಂದ, ‘ನಿಮ್ಮ ಅಡುಗೆಯ ವಾಸನೆ ಇಡೀ ಮೆಟ್ಟಿಲಿಗೆ ಬರುತ್ತದೆ’ ಎಂದುಬಿಟ್ಟರು. ಅಮ್ಮ ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವತ್ತು ನಾನೂ ಅಪ್ಪನೂ ಬ್ರೆಡ್ಡು ತಿಂದು ಮಲಗಿದೆವು. ಬೆಳಿಗ್ಗೆ ಎದ್ದವಳು ಕಾಫಿಯ ಜೊತೆಗೆ ಹೊಸ ಕಾನೂನನ್ನೂ ತಂದಿಟ್ಟಳು.

‘ಇನ್ಮೇಲೆ ಯಾರು ಹೊರಗಿನವರಾಗಿರ್ತಾರೋ ಅವರೇ ಕೊನೇಲಿ ಆಟ ಮುಗೀತು ಅನ್ಬೇಕು. ಅಂದು ಸುಮ್ನಾಗೋ ಹಾಗಿಲ್ಲ. ಅವರೇ ಎದ್ದು ಇನ್ನೊಬ್ಬರಿಗೆ ತಟ್ಟೆ ಹಾಕಿ ಬಡಿಸ್ಬೇಕು. ಬೈದ ಬಾಯಿ ಬೈದ ಹಾಗೇ ಎದ್ದು ಹೋಗ್ಬಾರ್ದು.’

ಅಂದಿನಿಂದ ‘ಆಟ ಮುಗೀತು, ಊಟಕ್ಕೆ ಏಳಿ’ ಎನ್ನುವುದು ನಮ್ಮ ಮನೆಯ ಮಂಗಳಾರತಿಯಾಯಿತು. ಪ್ರಾಕ್ಟೀಸು ಇಂಗ್ಲಿಷಿನಲ್ಲಿ, ಮುಗಿಸುವ ಮಾತು ಕನ್ನಡದಲ್ಲಿ. ಆ ಒಂದು ಮಾತು ಬಿದ್ದ ಕೂಡಲೇ ಕೋಟು ಕುರ್ಚಿಯ ಬೆನ್ನಿಗೆ ಹೋಗುತ್ತಿತ್ತು, ಕುಕ್ಕರಿನ ಮುಚ್ಚಳ ತೆರೆಯುತ್ತಿತ್ತು, ಅಪ್ಪನ ಭುಜಗಳು ಕೆಳಗಿಳಿಯುತ್ತಿದ್ದವು. ಬೇಕಾದರೆ ಮಧ್ಯಾಹ್ನ ಮೂರಕ್ಕೇ ಪ್ರಾಕ್ಟೀಸು ಮುಗಿಯಲಿ, ಒಂದು ತುತ್ತು ಮೊಸರನ್ನವಾದರೂ ಬೀಳಲೇಬೇಕು. ಶಾಲೆಯಲ್ಲಿ ನಾನು ಇಂಗ್ಲಿಷನ್ನು ಅಲ್ಲಿಯವರ ಹಾಗೆ ಎಳೆದು ಆಡತೊಡಗಿದ ಮೇಲೆ ಅಮೆರಿಕದ ಪಾತ್ರ ತಾನಾಗಿ ನನಗೆ ಬಂತು. ಅಮ್ಮ ಕೋಟನ್ನು ಬಿಚ್ಚಿ ನನಗೆ ಹೊದಿಸಿದ್ದು ನೆನಪಿದೆ. ತೋಳುಗಳು ನನ್ನ ಬೆರಳುಗಳನ್ನೂ ದಾಟಿ ಇಳಿದವು. ಅಮ್ಮ ನಿರ್ದೇಶಕಿಯಾಗಿ ಒಲೆಯ ಹತ್ತಿರ ನಿಂತಳು. ಮುಂದೆ ಎಷ್ಟೋ ದೊಡ್ಡವರ ಕೈಕೆಳಗೆ ಕೆಲಸ ಮಾಡಿದ್ದೇನೆ, ಸೌಟು ಹಿಡಿದ ನಿರ್ದೇಶಕರು ಮತ್ತೆ ಸಿಗಲಿಲ್ಲ.

ನಾನು ಐದನೆಯ ಕ್ಲಾಸಿನಲ್ಲಿದ್ದಾಗ ಅಪ್ಪ ಒಂದು ದಿನ ಮಧ್ಯಾಹ್ನವೇ ಮನೆಗೆ ಬಂದರು. ಕೈಯಲ್ಲಿ ಒಂದು ರಟ್ಟಿನ ಪೆಟ್ಟಿಗೆ, ಅದರೊಳಗೆ ಅವರ ಕಾಫಿ ಮಗ್ಗು, ಸ್ಕೇಲು, ಆಫೀಸಿನ ಮೇಜಿನ ಮೇಲಿಟ್ಟಿದ್ದ ನನ್ನ ಫೋಟೋ. ಕಂಪನಿಯವರು ಕೆಲವರನ್ನು ತೆಗೆದಿದ್ದರು. ಕೆಲಸವಿದ್ದರೆ ವೀಸಾ, ವೀಸಾ ಇದ್ದರೆ ಈ ದೇಶ ಎಂಬ ಲೆಕ್ಕ ನಮ್ಮಂಥ ಮನೆಗಳಲ್ಲಿ ಮಕ್ಕಳಿಗೂ ಬಾಯಿಪಾಠ. ಬೇಗ ಬೇರೆ ಕೆಲಸ ಸಿಗದಿದ್ದರೆ ಸೂಟ್‌ಕೇಸಿನ ಹಿಟ್ಟನ್ನು ಖಾಲಿ ಮಾಡಿ ಬಟ್ಟೆ ತುಂಬಬೇಕು. ನನಗೆ ಶಾಲೆ ತಪ್ಪುತ್ತದೆ ಎನ್ನುವ ಭಯ, ಅಮ್ಮನಿಗೆ ನನ್ನ ಭಯದ ಭಯ. ಅಪ್ಪನ ಭಯ ಮಾತ್ರ ಧಾರವಾಡದಲ್ಲಿದ್ದ ಅವರ ಅಣ್ಣನದು.

‘ನೀ ಹೋಗಬ್ಯಾಡ, ಅಲ್ಲಿ ಬಾಯಿದ್ದಾವ್ರಿಗಷ್ಟ ಬಾಳೇವು ಅಂದಿದ್ದ,’ ಎಂದರು ಅಪ್ಪ. ‘ಈಗ ಹೋದ್ರ ಬಾಗಲದಾಗ ನಿಂತು, ಬಂದಿ? ಅಂತಾನ. ಅಷ್ಟ ಅಂತಾನ. ಮತ್ತೇನೂ ಅನ್ನೂದಿಲ್ಲ.’

‘ಅನ್ಲಿ ಬಿಡಿ. ಬಂದೆ ಅಂದ್ರಾಯ್ತು,’ ಎಂದಳು ಅಮ್ಮ.

‘ಆಂ, ಅನ್ನಾಕ ಬರ್ತಿದ್ರ ಇಲ್ಲೇ ಇರ್ತಿದ್ನಲ್ಲಾ.’

ಅರ್ಜಿಗಳು ಹೋದವು, ಉತ್ತರಗಳು ಬರಲಿಲ್ಲ. ಕೊನೆಗೆ ಹ್ಯೂಸ್ಟನ್ನಿನ ಒಂದು ಪಂಪು ಕಂಪನಿಯಿಂದ ಇಂಟರ್‌ವ್ಯೂಗೆ ಕರೆ ಬಂತು. ಇಂಟರ್‌ವ್ಯೂ ಮಾಡುವವರ ಹೆಸರು ಮಿಸ್ಟರ್ ಡಾಬ್ಸ್. ಹೆಸರಿನ ಹೊರತು ನಮಗೆ ಬೇರೇನೂ ಗೊತ್ತಿಲ್ಲದ ಆ ಮನುಷ್ಯನನ್ನು ನಾನು ಹುಟ್ಟಿಸಬೇಕಾಯಿತು. ದಪ್ಪ ದನಿ ಕೊಟ್ಟೆ, ಅಮ್ಮನ ಓದುವ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದೆ. ಉತ್ತರ ಕೇಳುವಾಗ ಎದುರಿನವರನ್ನು ನೋಡದೆ ಕಿಟಕಿ ನೋಡುವ ಅಭ್ಯಾಸ ಕೊಟ್ಟೆ. ಅದು ನಮ್ಮ ಶಾಲೆಯ ವೈಸ್ ಪ್ರಿನ್ಸಿಪಾಲರದು. ಹಾಗೆ ಕಿಟಕಿ ನೋಡಿದಾಗಲೆಲ್ಲ ಅಪ್ಪನ ವಾಕ್ಯ ನಡುವೆ ತುಂಡಾಗುತ್ತಿತ್ತು. ನನಗೆ ಅದು ಗೊತ್ತಾಯಿತು, ಗೊತ್ತಾದ ಮೇಲೆ ಹೆಚ್ಚು ಹೆಚ್ಚು ನೋಡಿದೆ. ಪಾತ್ರದ ಕೈಯಲ್ಲಿ ಎಂಥ ಅಧಿಕಾರವಿದೆ ಎಂದು ಮೈಗೆ ತಿಳಿದದ್ದು ಆಗಲೇ, ಮತ್ತು ಅದು ನನಗೆ ಇಷ್ಟವಾಯಿತು ಎಂದು ಹೇಳದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ.

ಅಪ್ಪನ ದೊಡ್ಡ ತೊಡಕು ಬೇರೆಯೇ ಇತ್ತು. ನೀವು ಏನು ಮಾಡಿದ್ದೀರಿ ಎಂದು ಕೇಳಿದರೆ ಅವರು ‘ನಾವು’ ಎಂದೇ ಶುರು ಮಾಡುತ್ತಿದ್ದರು. ನಾವು ಈ ಪಂಪು ಮಾಡಿದೆವು, ನಾವು ಆ ನಕ್ಷೆ ತಿದ್ದಿದೆವು. ಅಮ್ಮ ಸೌಟು ಎತ್ತುತ್ತಿದ್ದಳು.

‘ರೀ, ನಾನು ಅನ್ನಿ. ನಾನು ಮಾಡ್ದೆ ಅನ್ನಿ. ಅವ್ರು ಕೆಲ್ಸ ಕೊಡೋದು ನಿಮ್ಗೆ ಕಣ್ರೀ, ನಿಮ್ಮೂರಿಗಲ್ಲ.’

‘ನಾಕು ಮಂದಿ ಕೂಡಿ ಮಾಡಿದ್ದು ಶಾರದಾ. ನಾ, ನಾ ಅಂತ ಹೆಂಗ ಹೇಳ್ಲಿ? ನಾಚಿಕಿ ಆಗ್ತದ.’

‘ಆ ನಾಕು ಮಂದೀಲಿ ಮೂರು ಜನ ಇನ್ನೂ ಕೆಲ್ಸದಲ್ಲಿದಾರೆ. ಅವ್ರಿಗೆ ನಾಚಿಕೆ ಆಗ್ಲಿಲ್ವಂತೆ!’

ಅಪ್ಪ ಮೇಜನ್ನು ನೋಡಿದರು. ನಾನು ಕನ್ನಡಕದ ಮೇಲಿಂದ ಅಪ್ಪನನ್ನು ನೋಡಿದೆ. ಅಮ್ಮ ಬರೆದುಕೊಟ್ಟಿದ್ದ ಪ್ರಶ್ನೆಗಳಲ್ಲಿ ಇಲ್ಲದ ಒಂದು ಪ್ರಶ್ನೆ ಮಿಸ್ಟರ್ ಡಾಬ್ಸ್‌ನ ಬಾಯಿಂದ ಹೊರಟಿತು. ‘ಉಳಿದವರನ್ನು ಇಟ್ಟುಕೊಂಡರಲ್ಲ, ನಿಮ್ಮನ್ನೇ ಯಾಕೆ ತೆಗೆದರು?’ ಎಂದು ಕೇಳಿದೆ. ಕೇಳಿದ್ದು ಇಂಗ್ಲಿಷಿನಲ್ಲಿ, ಎಳೆಎಳೆದು. ಅಮ್ಮ ‘ಅದನ್ನ ಕೇಳ್ಬೇಡ ಕಣೇ’ ಎನ್ನುವಷ್ಟರಲ್ಲಿ ಅಪ್ಪ ಕೈಯೆತ್ತಿ ತಡೆದರು. ಆಮೇಲೆ ನಿಯಮ ಮುರಿದು, ಆಟ ಮುಗಿಯುವ ಮೊದಲೇ, ಕನ್ನಡದಲ್ಲಿ ಹೇಳಿದರು.

‘ಪದ್ದಿ, ನಾ ಮೀಟಿಂಗಿನ್ಯಾಗ ಮಾತಾಡ್ತಿದ್ದಿಲ್ಲ. ಏನು ಹೇಳ್ಬೇಕು ಅನ್ನೂದು ಗೊತ್ತಿರ್ತಿತ್ತು. ಮನೀಗೆ ಹೋಗಿ ನಿಮ್ಮಮ್ಮನ ಮುಂದ ಒಮ್ಮೆ ಆಡಿ ನೋಡಿ ನಾಳೆ ಹೇಳೋಣ ಅಂತ ಬಿಡ್ತಿದ್ದೆ. ಮರುದಿನ ಹೋಗೂದ್ರಾಗ ಮತ್ತ ಯಾರರೆ ಅದನ್ನ ಹೇಳಿ ಮುಗಿಸಿರ್ತಿದ್ರು. ಇವನ ಹತ್ರ ಹೇಳಾಕ ಏನೂ ಇಲ್ಲ ಅಂತ ತಿಳಕೊಂಡ್ರು.’

ಅಮ್ಮ ಒಲೆ ಆರಿಸಿದಳು. ಬಹಳ ಹೊತ್ತು ನಮಗೆ ಬೆನ್ನು ಹಾಕಿಯೇ ನಿಂತಿದ್ದಳು. ಈ ಪದ್ಧತಿ ಅವಳದು. ಗಂಡನ ಬಾಯಿ ತೆರೆಸಲು ಅವಳು ಮಾಡಿದ ಉಪಾಯವೇ ಅವರ ಬಾಯಿಗೆ ಬೀಗವಾಗಿತ್ತು. ಇಷ್ಟೆಲ್ಲ ನನಗೆ ಆಗ ಅರ್ಥವಾಗಲಿಲ್ಲ. ಮುಗಿಸಬೇಕಾದವಳು ನಾನು ಎನ್ನುವುದಷ್ಟೇ ಅರ್ಥವಾಯಿತು. ‘ಆಟ ಮುಗೀತು, ಊಟಕ್ಕೆ ಏಳಿ’ ಎಂದೆ. ಗಂಟಲು ಇನ್ನೂ ಮಿಸ್ಟರ್ ಡಾಬ್ಸ್‌ನದೇ ಆಗಿತ್ತು, ನನಗೇ ವಿಚಿತ್ರವಾಗಿ ಕೇಳಿತು. ಕೋಟಿನ ತೋಳು ಸಾರಿನೊಳಗೆ ಅದ್ದಿಕೊಳ್ಳುವುದನ್ನು ಲೆಕ್ಕಿಸದೆ ಬಡಿಸಿದೆ. ಅಪ್ಪ ಉಂಡರು. ಹೊರಗಿನವರಾಗಿದ್ದವರು ಬಡಿಸಿದರೆ ಉಣ್ಣಲೇಬೇಕು ಎನ್ನುವುದೂ ನಿಯಮವೇ ಆಗಿತ್ತು.

ಮರುದಿನದಿಂದ ಇಬ್ಬರಿಗೂ ಜಗಳ. ಇನ್ನು ಪ್ರಾಕ್ಟೀಸೇ ಬೇಡ, ಬಾಯಿಗೆ ಬಂದದ್ದನ್ನು ಹೇಳಿ ಬನ್ನಿ ಎಂದು ಅಮ್ಮ. ಬಾಯಿಗೆ ಏನೂ ಬರುವುದಿಲ್ಲ, ಅದಕ್ಕೇ ಬೇಕು ಎಂದು ಅಪ್ಪ. ಅಮ್ಮ ನಿರ್ದೇಶಕಿಯ ಕೆಲಸಕ್ಕೆ ರಾಜೀನಾಮೆ ಕೊಟ್ಟು ಟಿವಿ ಮುಂದೆ ಕೂತಳು. ನಾನೂ ಅಪ್ಪನೂ ಅವಳ ಬೆನ್ನ ಹಿಂದೆ ಪಿಸುಗುಟ್ಟಿಕೊಂಡು ಪ್ರಾಕ್ಟೀಸ್ ಮಾಡಿದೆವು. ಪಿಸುದನಿಯಲ್ಲಿ ಮಿಸ್ಟರ್ ಡಾಬ್ಸ್‌ ಇನ್ನೂ ಕ್ರೂರಿಯಾಗಿ ಕೇಳಿಸುತ್ತಿದ್ದ.

ಇಂಟರ್‌ವ್ಯೂ ದಿನ ಮೂವರೂ ಹ್ಯೂಸ್ಟನ್ನಿಗೆ ಹೊರಟೆವು. ಅಪ್ಪನೊಬ್ಬರನ್ನೇ ಅಷ್ಟು ದೂರ ಡ್ರೈವ್ ಮಾಡಲು ಬಿಟ್ಟರೆ ದಾರಿಯುದ್ದಕ್ಕೂ ಒಬ್ಬರೇ ಮಾತಾಡಿಕೊಂಡು ಎಕ್ಸಿಟ್ ತಪ್ಪಿಸಿಕೊಳ್ಳುತ್ತಾರೆ ಎಂದು ಅಮ್ಮನ ವಾದ. ಕಾರಿನ ಡಿಕ್ಕಿಯಲ್ಲಿ ಚಿತ್ರಾನ್ನ, ಮೊಸರನ್ನ, ನಿಂಬೆಕಾಯಿ ಉಪ್ಪಿನಕಾಯಿ, ಎತ್ತಿಟ್ಟ ಹಿಟ್ಟಿನಿಂದ ಮಾಡಿದ ರೊಟ್ಟಿ. ಹಿಂದಿನ ಸೀಟಿನಲ್ಲಿ ಕೋಟಿಲ್ಲದ ಮಿಸ್ಟರ್ ಡಾಬ್ಸ್‌, ಅಂದರೆ ನಾನು. ಕೋಟು ಅವತ್ತು ಅದರ ಯಜಮಾನನ ಮೈಮೇಲೆಯೇ ಇತ್ತು. ಹ್ಯೂಸ್ಟನ್ನಿನಲ್ಲಿ ಕಾರಿನ ಬಾಗಿಲು ತೆರೆದರೆ ಕುಕ್ಕರಿನ ಮುಚ್ಚಳ ತೆಗೆದಾಗ ಮುಖಕ್ಕೆ ಹೊಡೆಯುವಂಥ ಬಿಸಿ ಹಬೆ. ಅಪ್ಪ ಕಟ್ಟಡದ ಒಳಗೆ ಹೋದರು. ನಾವಿಬ್ಬರು ಪಾರ್ಕಿಂಗ್ ಲಾಟಿನ ಅಂಚಿನಲ್ಲಿದ್ದ ಒಂದೇ ಒಂದು ಮರದ ಕೆಳಗೆ ಅವರು ನಿಲ್ಲಿಸಿದ್ದ ಕಾರಿನಲ್ಲಿ ಕೂತೆವು. ಅಮ್ಮನ ತುಟಿ ಅಲುಗುತ್ತಿತ್ತು. ದೇವರ ನಾಮವೋ, ಅಪ್ಪನ ಉತ್ತರಗಳೋ, ಇವತ್ತಿಗೂ ಕೇಳಿಲ್ಲ.

ಆಮೇಲೆ ಕಟ್ಟಡದ ಬಾಗಿಲು ತೆರೆಯಿತು. ಅಪ್ಪ ಬಂದರು. ಅವರ ಪಕ್ಕದಲ್ಲಿ ಇನ್ನೊಬ್ಬ ಮನುಷ್ಯ.

‘ಯಾರೇ ಅದು? ಇವ್ರು ಯಾಕೆ ಅವ್ರನ್ನ ಇಲ್ಲಿಗೇ ಕರ್ಕೊಂಡ್ ಬರ್ತಿದಾರೆ?’ ಅಮ್ಮ ನನ್ನ ತೋಳು ಹಿಡಿದುಕೊಂಡಳು.

ಅಪ್ಪ ಹತ್ತಿರ ಬಂದರು. ಮುಖ ಬಿಳಿಚಿಕೊಂಡಿತ್ತು. ಅಮೆರಿಕದ ನಗೆಯೊಂದನ್ನು ಮುಖದ ಮೇಲೆ ಹಾಗೆಯೇ ಇಟ್ಟುಕೊಂಡು ಕನ್ನಡದಲ್ಲಿ ಹೇಳಿದರು.

‘ಶಾರದಾ, ಎಲ್ಲಾ ಮುಗದಮ್ಯಾಲೆ, ಇನ್ನೇನರೆ ಕೇಳೂದದ ಏನು ಅಂದ್ರು. ದಿನಾ ಮುಗಸ್ತೀವಲ್ಲಾ, ಅದ ರೂಢಿ ಒಳಗ, ಬರ್ರಿ ಊಟಾ ಮಾಡೋಣು ಅಂತ ಇಂಗ್ಲಿಷಿನ್ಯಾಗ ಅಂದುಬಿಟ್ಟೆ. ಇವ್ರು ಹೂಂ ಅಂದ್ರು. ಮಿಸ್ಟರ್ ಡಾಬ್ಸ್‌ ಇವ್ರು.’

ನಾನು ನನ್ನ ಪಾತ್ರವನ್ನು ಎದುರಿಗೇ ಕಂಡೆ. ಗಿಡ್ಡ ಮನುಷ್ಯ, ಕೆಂಪು ಕತ್ತು, ಕೈಯಲ್ಲಿ ತನ್ನ ಮನೆಯಿಂದ ತಂದ ಊಟದ ಕಂದು ಕಾಗದದ ಚೀಲ. ದನಿ ಎಷ್ಟು ಮೆತ್ತಗಿತ್ತೆಂದರೆ ಅವರು ಹೇಳಿದ್ದನ್ನು ಅಮ್ಮ ಎರಡು ಸಲ ಕೇಳಬೇಕಾಯಿತು. ಇಂಟರ್‌ವ್ಯೂಗೆ ಬಂದವರು ಯಾರೂ ತಮ್ಮನ್ನು ಊಟಕ್ಕೆ ಕರೆದದ್ದಿಲ್ಲ, ಇಲ್ಲವೆನ್ನಲು ಮನಸ್ಸಾಗಲಿಲ್ಲ ಎಂದು ಹೇಳುತ್ತಿದ್ದರು. ಅಮ್ಮ ಡಿಕ್ಕಿ ತೆರೆದಳು. ಈ ದೃಶ್ಯಕ್ಕೆ ನಾವು ಯಾರೂ ಪ್ರಾಕ್ಟೀಸ್ ಮಾಡಿರಲಿಲ್ಲ. ಮಿಸ್ಟರ್ ಡಾಬ್ಸ್‌ ಕೋಟು ಕಳಚಿ ಕಾರಿನ ಮೇಲಿಟ್ಟು, ಕಾಗದದ ತಟ್ಟೆಯಲ್ಲಿ ಚಿತ್ರಾನ್ನ ತಿಂದರು, ಉಪ್ಪಿನಕಾಯಿಯನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡು ಕಣ್ಣಲ್ಲಿ ನೀರು ತಂದುಕೊಂಡರು. ಅಪ್ಪ ನಕ್ಕುಬಿಟ್ಟರು. ಪೆಟ್ಟಿಗೆ ಹಿಡಿದು ಮನೆಗೆ ಬಂದ ಮೇಲೆ ಅವರು ನಕ್ಕದ್ದನ್ನು ನಾನು ನೋಡಿರಲಿಲ್ಲ.

ಮಿಸ್ಟರ್ ಡಾಬ್ಸ್‌ ತಮ್ಮ ಚೀಲದಿಂದ ಒಂದು ಬಿಸ್ಕತ್ತು ತೆಗೆದು ನನಗೆ ಕೊಟ್ಟು, ನೀನು ಏನು ಮಾಡುತ್ತೀ ಎಂದು ಕೇಳಿದರು.

‘ನಾನು ನೀವಾಗುತ್ತೇನೆ,’ ಎಂದೆ ಇಂಗ್ಲಿಷಿನಲ್ಲಿ. ‘ಮನೆಯಲ್ಲಿ, ಅಪ್ಪನ ಪ್ರಾಕ್ಟೀಸಿಗೆ.’

ಅಮ್ಮ ನನ್ನನ್ನು ಚಿವುಟಿದಳು. ಅವರು ತಟ್ಟೆಯನ್ನು ಕೆಳಗಿಟ್ಟರು.

‘ಹೌದಾ? ನಾನು ಒಳ್ಳೆಯವನಾ?’

‘ಇಲ್ಲ ಸರ್. ನೀವು ಬಹಳ ಕೆಟ್ಟವರು.’

ಅವರು ನಗುತ್ತಾರೆಂದುಕೊಂಡೆ. ನಗಲಿಲ್ಲ. ಸ್ವಲ್ಪ ಯೋಚಿಸಿ, ‘ಕೆಲವು ದಿನ ಹಾಗಿರಬೇಕಾಗುತ್ತದೆ ಮಗು,’ ಎಂದರು. ಆಮೇಲೆ ಅಪ್ಪನ ಕಡೆ ತಿರುಗಿ, ತಮ್ಮ ಕಾರ್ಖಾನೆಯಲ್ಲಿ ನಡುಗುತ್ತಿದ್ದ ಒಂದು ಪಂಪಿನ ವಿಷಯ ತೆಗೆದರು. ಅಪ್ಪ ರೊಟ್ಟಿ ಹಿಡಿದ ಕೈಯನ್ನು ಹಿಂದಕ್ಕೆ ಕಟ್ಟಿಕೊಂಡು, ಇನ್ನೊಂದು ಕೈಯ ಬೆರಳಿನಿಂದ ಕಾರಿನ ಧೂಳಿನ ಮೇಲೆ ಗೆರೆ ಎಳೆದರು. ನೀರು ಇಲ್ಲಿಂದ ಬರುತ್ತದೆ, ಇಲ್ಲಿ ಸಿಕ್ಕಿಕೊಳ್ಳುತ್ತದೆ ಎಂದರು. ಇಂಥದ್ದನ್ನು ಡಲ್ಲಾಸಿನಲ್ಲಿ ನೋಡಿದ್ದೆ, ‘ಐ ಫಿಕ್ಸ್ಡ್ ಇಟ್’ ಎಂದರು. ಅಮ್ಮ ಡಿಕ್ಕಿಯೊಳಗೆ ತಲೆ ಬಗ್ಗಿಸಿ ಡಬ್ಬಿಯ ಮುಚ್ಚಳ ಹಾಕುತ್ತಿದ್ದವಳು ಹಾಗೆಯೇ ನಿಂತುಬಿಟ್ಟಳು. ಮೇಜಿನ ಮುಂದೆ ಎಷ್ಟು ಎಳೆದರೂ ಬಾರದೆ ಕೂತಿದ್ದ ‘ನಾನು’ ಪಾರ್ಕಿಂಗ್ ಲಾಟಿನಲ್ಲಿ ಮೊಸರನ್ನದ ಪಕ್ಕದಲ್ಲಿ ಯಾರೂ ಕರೆಯದೆ ಬಂದಿತ್ತು.

ನಾನು ಅವತ್ತು ಕಲಿತದ್ದನ್ನು ಮುಂದೆ ಆಸ್ಟಿನ್ನಿನ ವಿಶ್ವವಿದ್ಯಾಲಯದ ನಾಟಕ ವಿಭಾಗದಲ್ಲಿ ದೊಡ್ಡ ದೊಡ್ಡ ಮಾತುಗಳಲ್ಲಿ ಹೇಳಿಕೊಟ್ಟರು. ನನಗೆ ಹೊಳೆದದ್ದು ಸಣ್ಣ ಮಾತಿನಲ್ಲಿ. ನಾನು ವಾರಗಟ್ಟಲೆ ಆಡಿದ್ದು ಮಿಸ್ಟರ್ ಡಾಬ್ಸ್‌ರನ್ನಲ್ಲ, ಅಪ್ಪನ ಹೆದರಿಕೆಯನ್ನು. ನಿಜವಾದ ಮನುಷ್ಯನ ಕೈಯಲ್ಲಿ ಊಟದ ಚೀಲವಿತ್ತು. ಇಂದಿಗೂ ಒಂದು ಹೊಸ ಪಾತ್ರ ಬಂದರೆ, ಅದು ಎಷ್ಟೇ ಕಟುಕರ ಪಾತ್ರವಾಗಿರಲಿ, ಇವಳು ಮಧ್ಯಾಹ್ನ ಏನು ತಿಂದಿರಬಹುದು ಎಂದು ಮೊದಲು ಕೇಳಿಕೊಳ್ಳುತ್ತೇನೆ. ಈಗ ಅಪ್ಪ ಅಮ್ಮ ಡಲ್ಲಾಸಿನ ಹತ್ತಿರದ ಮೆಕಿನ್ನಿಯಲ್ಲಿದ್ದಾರೆ, ನನ್ನ ಯಾವ ಎಪಿಸೋಡನ್ನೂ ತಪ್ಪಿಸುವುದಿಲ್ಲ. ನಾನು ಟಿವಿಯಲ್ಲಿ ಯಾರನ್ನೋ ಬರಿಗೈಯಲ್ಲಿ ಕಳಿಸಿದ ದಿನ ಅಪ್ಪನ ಫೋನ್ ಬಂದೇ ಬರುತ್ತದೆ. ‘ಆ ಮನಿಷ್ಯಾಗ ಆಮ್ಯಾಲೆ ಊಟಾ ಹಾಕಿದ್ಯೋ ಇಲ್ಲೋ?’ ನಾನು ಹಾಕಿದೆ ಅಪ್ಪಾ ಎನ್ನುತ್ತೇನೆ. ನಟರಿಗೆ ಬರುವ ‘ಇಲ್ಲ’ಗಳು ನಟರು ಹೇಳುವುದಕ್ಕಿಂತ ಬಹಳ ಹೆಚ್ಚು ಎಂದು ಅವರಿಗೂ ಗೊತ್ತು. ಆಡಿಷನ್ನಿನಿಂದ ಬರಿಗೈಯಲ್ಲಿ ಬಂದ ದಿನ ನಾನು ಮೊದಲು ಮೊಸರನ್ನ ಕಲಸುತ್ತೇನೆ, ಅಳುವುದಿದ್ದರೆ ಆಮೇಲೆ.

ಹ್ಯೂಸ್ಟನ್ನಿನಿಂದ ಬಂದ ಮೇಲೆ ಅಮ್ಮ ದಿನವೂ ಫೋನಿನ ಮೇಲಿನ ಧೂಳು ಒರೆಸುತ್ತಿದ್ದಳು. ಉಂಡು ಹೋದವರು ಕೈಬಿಡುವುದಿಲ್ಲ ಎನ್ನುವುದು ಅವಳ ನಂಬಿಕೆ. ಒಂದು ಸಂಜೆ ಅನ್ನಕ್ಕಿಟ್ಟ ಹೊತ್ತಿನಲ್ಲಿ ಫೋನು ಬಂತು, ಎತ್ತಿದವಳು ನಾನು. ಆ ಮೆತ್ತಗಿನ ದನಿ ನನ್ನ ಹೆಸರು ಹಿಡಿದು ಕರೆದು, ಅಪ್ಪ ಇದ್ದಾರೆಯೇ ಎಂದು ಕೇಳಿತು. ಅಪ್ಪ ಎದ್ದು ಬಂದರು. ಕೋಟಿಲ್ಲದಿದ್ದರೂ ಕೋಟಿನ ಗುಂಡಿ ಹಾಕಿಕೊಳ್ಳುವವರ ಹಾಗೆ ಎದೆಯ ಮೇಲೆ ಕೈಯಾಡಿಸಿಕೊಂಡರು.

‘ಎಸ್ ಸರ್,’ ಎಂದರು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ‘ಎಸ್ ಸರ್.’ ಆಮೇಲೆ ‘ಐ ಅಂಡರ್‌ಸ್ಟ್ಯಾಂಡ್.’ ಅಮ್ಮ ಕುಕ್ಕರಿನ ಮುಂದೆ ಕಣ್ಣು ಮುಚ್ಚಿಕೊಂಡಳು. ಈ ಸಂಭಾಷಣೆಯನ್ನು ನಾವು ಪ್ರಾಕ್ಟೀಸ್ ಮಾಡಿದ್ದೆವು. ಆಗುವುದಿಲ್ಲ ಎಂದರೆ ಥ್ಯಾಂಕ್ ಯೂ ಎಂದು ಮರ್ಯಾದೆಯಿಂದ ಫೋನ್ ಇಡುವುದು ಎಂದು ಅಮ್ಮನೇ ಹಿಂದೆ ಬರೆದು ಕೊಟ್ಟ ಮಾತು. ಅಪ್ಪ ‘ಥ್ಯಾಂಕ್ ಯೂ ಸರ್’ ಎಂದರು. ಇಡಬೇಕಾದ ಫೋನನ್ನು ಇಡಲಿಲ್ಲ. ಹಿಡಿದುಕೊಂಡೇ ನಿಂತರು. ಆಮೇಲೆ ಯಾರೂ ಬರೆದು ಕೊಡದ, ಯಾರ ಮುಂದೆಯೂ ಆಡಿ ನೋಡದ ಒಂದು ಮಾತನ್ನು ಅಪ್ಪ ಆಡಿದರು. ‘ಸರ್, ನನಗೆ ಪಂಪಿನ ಕೆಲಸ ಚೆನ್ನಾಗಿ ಬರುತ್ತದೆ. ನನ್ನಂಥವನು ಬೇಕಾದವರು ಯಾರಾದರೂ ನಿಮಗೆ ಗೊತ್ತೇ?’

ಅಪ್ಪ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದರು.

ಆಮೇಲೆ ಅಪ್ಪ ನನ್ನ ಕಡೆ ಕೈ ಅಲ್ಲಾಡಿಸಿದರು. ಪೆನ್ನು ಕೊಟ್ಟೆ. ಗೋಡೆಗೆ ತೂಗುಹಾಕಿದ್ದ ಕ್ಯಾಲೆಂಡರಿನ ಅಂಚಿನಲ್ಲಿ ಆಸ್ಟಿನ್ನಿನ ಒಂದು ನಂಬರ್ ಬರೆದುಕೊಂಡರು. ಆ ನಂಬರ್ ಮುಂದೆ ನಮ್ಮನ್ನು ಆಸ್ಟಿನ್ ಪಕ್ಕದ ಫ್ಲೂಗರ್‌ವಿಲ್‌ಗೆ ಶಿಫ್ಟ್ ಮಾಡಿಸಿತು, ಅಲ್ಲಿನ ಶಾಲೆಯ ವೇದಿಕೆಯ ಮೇಲೆ ನಾನು ಮೊದಲ ಸಲ ಬಣ್ಣ ಹಚ್ಚಿದೆ. ಅದೆಲ್ಲ ಆ ಸಂಜೆ ನಮಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಹ್ಯೂಸ್ಟನ್ನಿನ ಕೆಲಸ ಇಲ್ಲ ಎನ್ನುವುದಷ್ಟೆ.

ಅಪ್ಪ ಫೋನ್ ಇಟ್ಟು ಬಂದು ಮೇಜಿನ ಮುಂದೆ ತಮ್ಮ ಕುರ್ಚಿಯಲ್ಲಿ ಕೂತರು. ಅಮ್ಮ ಅವರ ಹತ್ತಿರ ಬಂದು ನಿಂತಳು. ನಮ್ಮ ಮನೆಯಲ್ಲಿ ಇಂಥ ಹೊತ್ತಿಗೆ ಮಾತಾಡಬೇಕಾದವರು ಯಾರು ಎಂಬುದಕ್ಕೆ ನಿಯಮವಿತ್ತು. ಯಾರು ಮಿಸ್ಟರ್ ಡಾಬ್ಸ್‌ ಆಗಿದ್ದರೋ ಅವರು. ನಾನು ತಟ್ಟೆ ತಂದು ಅಪ್ಪನ ಮುಂದಿಟ್ಟೆ. ಅನ್ನ ಇನ್ನೂ ಹಬೆಯಾಡುತ್ತಿತ್ತು.

‘ಆಟ ಮುಗೀತು ಅಪ್ಪಾ,’ ಎಂದೆ. ‘ಊಟಕ್ಕೆ ಏಳಿ.’

ಅಪ್ಪ ತಲೆಯೆತ್ತಿ ನನ್ನನ್ನು ನೋಡಿದರು.

‘ಇದು ಆಟ ಅಲ್ಲ ಪದ್ದಿ,’ ಎಂದರು. ‘ಖರೇನ ಇಲ್ಲ ಅಂದ್ರು.’

ಸೌಟು ಹಿಡಿದುಕೊಂಡು ಹಾಗೆಯೇ ನಿಂತಿದ್ದೆ. ಅಪ್ಪ ತಟ್ಟೆಯನ್ನು ನನ್ನ ಕಡೆಗೆ ಸ್ವಲ್ಪ ಸರಿಸಿದರು.

‘ಆದ್ರೂ ಹಸಿವಿ ಆಗೇದ,’ ಎಂದರು. ‘ಹಾಕು.’